ಕೈಗೆ ಬರವಿರಲಿಲ್ಲ, ನೆಲಕ್ಕಿತ್ತು: ಬಂತಾಯಾನ್ ದ್ವೀಪದ ಮನೆಗಳ ಪ್ರಕರಣ

ಸೆಬು ನಗರದಿಂದ ಉತ್ತರಕ್ಕೆ ಬಸ್ಸು ಹಿಡಿದರೆ ಮೂರು ಗಂಟೆ ದಾಟುವ ಹೊತ್ತಿಗೆ ಹಗ್ನಾಯಾ ಬಂದರು ಸಿಗುತ್ತದೆ. ಅಲ್ಲಿಂದ ಫೆರಿಯಲ್ಲಿ ಸುಮಾರು ಒಂದು ಗಂಟೆ. ಇಳಿದರೆ ಸಾಂತಾ ಫೆ. ಬಂತಾಯಾನ್ ದ್ವೀಪದ ಹೆಬ್ಬಾಗಿಲು ಅದು. ಬಿಳಿ ಮರಳು, ಒಣಮೀನು, ಕೋಳಿ ಫಾರಂ, ತೆಂಗು. ಫಿಲಿಪೀನ್ಸಿನ ನಕ್ಷೆಯಲ್ಲಿ ಸೆಬು ದ್ವೀಪದ ತಲೆಯ ಎಡಪಕ್ಕ ಒಂದು ಚುಕ್ಕಿ, ಅಷ್ಟೇ. ಸೆಬುವಾನೋ ಭಾಷೆಯಲ್ಲಿ 'ಬಂತಾಯ್' ಅಂದರೆ ಕಾವಲು. ಹಿಂದೆ ದಕ್ಷಿಣದಿಂದ ಕಡಲ ದಾಳಿಕೋರರು ಬರುತ್ತಿದ್ದ ಕಾಲದಲ್ಲಿ ಇಲ್ಲಿ ಕಾವಲು ಗೋಪುರಗಳಿದ್ದವು. ಬಂತಾಯಾನ್, ಮದ್ರಿದೇಹೋಸ್, ಸಾಂತಾ ಫೆ ಅಂತ ಮೂರು ಪಟ್ಟಣಾಡಳಿತ. ಸುತ್ತಲಿನ ಪುಟ್ಟ ನಡುಗಡ್ಡೆಗಳೂ ಸೇರಿ 2010ರ ಜನಗಣತಿಯಲ್ಲಿ 1.3 ಲಕ್ಷಕ್ಕೂ ಜಾಸ್ತಿ ಜನ.

2013ರ ನವೆಂಬರ್ 8ರ ಬೆಳಿಗ್ಗೆ 10.40ಕ್ಕೆ ಚಂಡಮಾರುತ ಈ ದ್ವೀಪಕ್ಕೆ ಬಡಿಯಿತು. ಹೊರಗಿನವರು ಅದನ್ನು ಹೈಯಾನ್ ಅಂದರು. ಫಿಲಿಪೀನ್ಸಿನ ಹವಾಮಾನ ಇಲಾಖೆ ತನ್ನದೇ ಹೆಸರು ಇಡುತ್ತದೆ, ಹಾಗಾಗಿ ಅಲ್ಲಿಯವರ ಬಾಯಲ್ಲಿ ಅದು ಯೋಲಾಂದಾ. ಅವತ್ತು ಅದು ಆರು ಕಡೆ ನೆಲ ಮುಟ್ಟಿತು. ಬಂತಾಯಾನ್ ನಾಲ್ಕನೆಯದು. ಮೊದಲು ಸಿಕ್ಕಿದ ಸಮಾರ್, ಲೇಯ್ತೆ ಕಡೆ ಸಮುದ್ರವೇ ಊರೊಳಗೆ ನುಗ್ಗಿ ಸಾವಿರಾರು ಜನ ಸತ್ತರು. ದೇಶದಲ್ಲಿ ಸತ್ತವರ ಅಧಿಕೃತ ಲೆಕ್ಕ 6,300. ಬಂತಾಯಾನ್‌ನಲ್ಲಿ ಆ ಮಟ್ಟದ ಸಾವು ಆಗಲಿಲ್ಲ. ಇಲ್ಲಿ ಗಾಳಿ ತೆಗೆದದ್ದು ಮನೆಗಳನ್ನು. ಇಡೀ ದೇಶದಲ್ಲಿ 11 ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಪೆಟ್ಟು ಬಿತ್ತು, ಅದರಲ್ಲಿ ಅರ್ಧದಷ್ಟು ಪೂರ್ತಿ ನೆಲಸಮ.

ಸಾವು ಕಡಿಮೆ ಇದ್ದ ಕಡೆ ಟಿವಿ ಕ್ಯಾಮೆರಾ ತಡವಾಗಿ ಬರುತ್ತದೆ. ಮನೆ ಇಲ್ಲದವರಿಗೆ ಅದರಿಂದ ಮಳೆ ಕಮ್ಮಿ ಆಗೋದಿಲ್ಲ.

ಕ್ಯಾಮೆರಾ ಹೋದ ಮೇಲೂ ಇಂಥ ಊರುಗಳಿಗೆ ಬರುತ್ತಾ ಇದ್ದವರು ಹುಡುಗ ಹುಡುಗಿಯರು. ಬೆನ್ನಿಗೊಂದು ಚೀಲ, ಹೊಸ ಕೈಗವಸು, ಕೈಯಲ್ಲಿ ಸುತ್ತಿಗೆ. ಅವರಿಂದ ಏನಾಯ್ತು, ಏನಾಗಲಿಲ್ಲ ಅನ್ನೋದನ್ನು ಈ ಒಂದು ದ್ವೀಪ ಇಟ್ಟುಕೊಂಡು ನೋಡಬೇಕು ಅಂತ ಇದನ್ನು ಬರೆಯುತ್ತಿದ್ದೇನೆ.

ಬಂದವರು ಯಾರು

ಸ್ವಯಂಸೇವಕರು ಅಂದ ತಕ್ಷಣ ಕೆಂಪು ಮುಖದ ವಿದೇಶಿ ಯುವಕರು ನೆನಪಾಗುತ್ತಾರೆ. ಅವರೂ ಬಂದರು. ಆದರೆ ಫಿಲಿಪೀನ್ಸಿನಲ್ಲಿ ಈ ಕೆಲಸಕ್ಕೆ ತನ್ನದೇ ಬೇರಿದೆ.

ಹಳೇ ಪದ್ಧತಿ ಬಯಾನಿಹಾನ್. ಬಿದಿರಿನ ಮನೆಯನ್ನು ಬುಡಸಮೇತ ಎತ್ತಿ, ಬಿದಿರ ಗಳದ ಮೇಲೆ ಹೊತ್ತು, ಇಪ್ಪತ್ತು ಮಂದಿ ಹೊಸ ಜಾಗಕ್ಕೆ ಸಾಗಿಸುವ ಚಿತ್ರ ಅಲ್ಲಿನ ಶಾಲೆ ಗೋಡೆಗಳ ಮೇಲೆ ಈಗಲೂ ಇರುತ್ತದೆ. ಹೊತ್ತವರಿಗೆ ಕೂಲಿ ಇಲ್ಲ, ಮನೆಯವರದು ಊಟ. ಸೆಬುವಾನೋ ಸೀಮೆಯಲ್ಲಿ ಹೊಲದ ಕೆಲಸಕ್ಕೆ ಹೀಗೆ ಸೇರುವುದನ್ನು ಅಲಯೋನ್ ಅನ್ನುತ್ತಾರೆ. ನಮ್ಮ ಮುಯ್ಯಾಳಿನ ಹಾಗೆ: ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಈ 'ನಾಳೆ ನೀನು' ಅನ್ನೋ ಭಾಗವನ್ನು ನೆನಪಿಟ್ಟುಕೊಳ್ಳಿ.

ಇದರ ಮೇಲೆ ಸಂಸ್ಥೆಗಳು ಕಟ್ಟಿಕೊಂಡವು. ಗವಾಡ್ ಕಲಿಂಗಾ 1995ರಲ್ಲಿ ಮನಿಲಾ ಮಗ್ಗುಲಿನ ಬಾಗೋಂಗ್ ಸಿಲಾಂಗ್ ಅನ್ನೋ ಬಡವರ ಬಡಾವಣೆಯಲ್ಲಿ ಶುರುವಾಯಿತು. 2003ರಲ್ಲಿ ಏಳು ವರ್ಷದಲ್ಲಿ ಏಳು ಸಾವಿರ ಊರುಗಳಲ್ಲಿ ಏಳು ಲಕ್ಷ ಮನೆ ಅಂತ ದೊಡ್ಡ ಗುರಿ ಹಾಕಿಕೊಂಡಿತು. ಆ ಗುರಿ ಮುಟ್ಟಲಿಲ್ಲ. ಆದರೂ ಕಾಲೇಜು ಮಕ್ಕಳನ್ನು ಸಲಿಕೆ ಹಿಡಿಯೋಕೆ ಕರೆತಂದ ರೀತಿ ದೇಶಕ್ಕೆ ಹಿಡಿಸಿತು. 2006ರಲ್ಲಿ ಸಂಸ್ಥೆಗೂ ಅದನ್ನು ನಡೆಸಿದ ಟೋನಿ ಮೆಲೋತೋ ಅವರಿಗೂ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಇನ್ನೊಂದು ಹ್ಯಾಬಿಟಾಟ್ ಫಾರ್ ಹ್ಯುಮ್ಯಾನಿಟಿ. 1999ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಫಿಲಿಪೀನ್ಸಿಗೆ ಬಂದು, ಸಾವಿರಾರು ಸ್ವಯಂಸೇವಕರ ಜೊತೆ ಒಂದೇ ವಾರದಲ್ಲಿ 293 ಮನೆ ಎಬ್ಬಿಸಿದ್ದು ಇದರ ಹೆಸರಲ್ಲೇ. ಎರಡೂ ಕಡೆ ಒಂದು ಷರತ್ತು: ಮನೆ ಪಡೆಯುವವರೂ ತಮ್ಮ ಮನೆಗೆ, ನೆರೆಯವರ ಮನೆಗೆ ಇಂತಿಷ್ಟು ಗಂಟೆ ದುಡಿಯಬೇಕು. ಬೆವರಿನ ಪಾಲು ಅಂತ ಇಟ್ಟುಕೊಳ್ಳಿ.

ಮೂರನೆಯದು ಸರ್ಕಾರವೇ ಮಾಡಿದ್ದು. 2001ರವರೆಗೆ ಅಲ್ಲಿ ಕಾಲೇಜು ಹುಡುಗರಿಗೆ ಸೈನಿಕ ತರಬೇತಿ ಕಡ್ಡಾಯವಾಗಿತ್ತು. ಅದರಲ್ಲಿ ನಡೆಯುತ್ತಿದ್ದ ಲಂಚವನ್ನು ಬಯಲಿಗೆಳೆದ ಒಬ್ಬ ವಿದ್ಯಾರ್ಥಿ ಕೊಲೆಯಾದ. ಆಮೇಲೆ ಬಂದ ಕಾನೂನು ಸೈನಿಕ ತರಬೇತಿ, ಅಕ್ಷರ ಕಲಿಸುವುದು, ಜನಸೇವೆ ಮೂರರಲ್ಲಿ ಒಂದನ್ನು ಆರಿಸಿಕೊಳ್ಳಿ ಅಂದಿತು. ಬಿದ್ದ ಊರುಗಳಿಗೆ ಹೋಗಿ ಇಟ್ಟಿಗೆ ಹೊರುವ ಎಷ್ಟೋ ಹುಡುಗರು ಈ ಮೂರನೇ ಪಟ್ಟಿಯವರು. ಪೂರ್ತಿ ಸ್ವಂತ ಇಚ್ಛೆ ಅಂತಲೂ ಹೇಳೋಕಾಗಲ್ಲ. ಅಂಕವೂ ಇರುತ್ತದಲ್ವಾ?

ಈ ಪ್ರಕರಣದಲ್ಲಿ ಒಂದು ವಿಚಿತ್ರವೂ ಇದೆ. ಫಿಲಿಪೀನ್ಸಿನ ಪ್ರತಿ ಬರಂಗಾಯ್‌ಗೂ, ಅಂದರೆ ಪ್ರತಿ ಊರಿಗೂ, ಯುವಕರದೇ ಒಂದು ಚುನಾಯಿತ ಮಂಡಳಿ ಇರುತ್ತದೆ. ಸಾಂಗುನಿಯಾಂಗ್ ಕಬಾತಾನ್ ಅಂತ ಹೆಸರು. 2013ರ ಅಕ್ಟೋಬರಿನಲ್ಲಿ ಅದಕ್ಕೆ ಚುನಾವಣೆ ಆಗಬೇಕಿತ್ತು. ಮಂಡಳಿ ಸುಧಾರಣೆ ಆಗಲಿ ಅಂತ ಕಾನೂನು ಮಾಡಿ ಚುನಾವಣೆ ನಿಲ್ಲಿಸಿದರು. ಮುಂದಿನ ಚುನಾವಣೆ ಆದದ್ದು 2018ರ ಮೇ ತಿಂಗಳಲ್ಲಿ. ಅಂದರೆ ಯೋಲಾಂದಾ ಬಡಿದ ಮೇಲೆ ಮನೆ ಕಟ್ಟಿದ ಅಷ್ಟೂ ವರ್ಷ ಊರಲ್ಲಿ ಯುವಕರ ಮಂಡಳಿ ಇರಲಿಲ್ಲ. ಹೊರಗಿನ ಯುವಕರು ದೋಣಿ ತುಂಬ ಬರುತ್ತಿದ್ದರು. ಊರಿನ ಯುವಕರ ಪರವಾಗಿ ಕೂತು ಮಾತಾಡೋಕೆ ಖುರ್ಚಿಯೇ ಖಾಲಿ.

ಸೈಟಿನಲ್ಲಿ ಒಂದು ದಿನ

ಇಂಥ ಊರಲ್ಲಿ ಕೆಲಸ ಆರಕ್ಕೇ ಶುರು. ಹತ್ತರ ಮೇಲೆ ಬಿಸಿಲು ಸುಡುತ್ತದೆ. ಬಂತಾಯಾನ್ ತಗ್ಗಾದ ಸುಣ್ಣಕಲ್ಲಿನ ದ್ವೀಪ, ಹವಳದಿಂದ ಆದ ಕಲ್ಲು. ಪಾಯ ತೋಡೋಕೆ ಗುದ್ದಲಿ ಸಾಲದು, ಹಾರೆ ಬೇಕು. ಇಪ್ಪತ್ತು ವರ್ಷದ ಹುಡುಗರಿಗೆ ಇದು ಸರಿಯಾದ ಕೆಲಸ. ಹಾರೆ ಎತ್ತಿ ಹಾಕಿದರೆ ಕಣ್ಣಿಗೆ ಬಿಳಿ ಪುಡಿ ಹಾರುತ್ತದೆ. ಹನ್ನೆರಡು ಸಲ ಹಾಕಿದ ಮೇಲೆ ಒಂದು ಬೊಗಸೆ ಕಲ್ಲು ಏಳುತ್ತದೆ.

ಆಮೇಲೆ ಕಾಂಕ್ರೀಟ್ ಕಲಸುವುದು. ಮಿಕ್ಸರ್ ಇರುವುದಿಲ್ಲ. ನೆಲದ ಮೇಲೆ ಪ್ಲೈವುಡ್ ಹಲಗೆ ಹಾಕಿ ಮರಳು, ಸಿಮೆಂಟು, ಜಲ್ಲಿ ಒಣಗಿರುವಾಗಲೇ ಮೂರು ಸಲ ಮಗುಚುತ್ತಾರೆ. ನಡುವೆ ಗುಂಡಿ ಮಾಡಿ ನೀರು. ಹೊಸಬರು ಮಾಡುವ ತಪ್ಪು ಯಾವಾಗಲೂ ಒಂದೇ: ಕಲಸೋಕೆ ಸುಲಭ ಅಂತ ನೀರು ಜಾಸ್ತಿ ಹಾಕುತ್ತಾರೆ. ನೀರು ಜಾಸ್ತಿಯಾದರೆ ಕಾಂಕ್ರೀಟ್ ಬಲ ಕಳೆದುಕೊಳ್ಳುತ್ತದೆ. ಆ ಮರಳಿನದೂ ಒಂದು ಕಥೆ. ಸುತ್ತ ಎಲ್ಲಿ ನೋಡಿದರೂ ಮರಳು, ಪ್ರವಾಸಿಗರು ಹಣ ಕೊಟ್ಟು ನೋಡೋಕೆ ಬರುವಂಥ ಮರಳು. ಆದರೆ ಅದರಲ್ಲಿ ಉಪ್ಪಿದೆ. ಉಪ್ಪು ಒಳಗಿನ ಕಬ್ಬಿಣವನ್ನು ತಿನ್ನುತ್ತದೆ. ಒಳ್ಳೇ ಮರಳು ಬೇಕಂದರೆ ದೋಣಿಯಲ್ಲೇ ಬರಬೇಕು. ಸಿಮೆಂಟು, ಕಬ್ಬಿಣ, ಮಾಡಿನ ತಗಡು ಕೂಡ ಹಾಗೇ ಬರಬೇಕು.

ಒಂಬತ್ತೂವರೆಗೆ ಮೆರಿಯೆಂದಾ, ಅಂದರೆ ತಿಂಡಿ. ಬೇಯಿಸಿದ ಗೆಣಸು, ಸಕ್ಕರೆಯಲ್ಲಿ ಹೊರಳಿಸಿ ಕರಿದ ಬಾಳೆಹಣ್ಣು. 'ಕಾಓನ್ ತಾ' ಅನ್ನುತ್ತಾರೆ ಮನೆಯವರು, ಬನ್ನಿ ತಿನ್ನೋಣ ಅಂತ. ಮನೆ ಬಿದ್ದುಹೋದವರು ಮನೆ ಕಟ್ಟೋಕೆ ಬಂದವರಿಗೆ ಬಡಿಸುತ್ತಾರೆ. ಬೇಡ ಅಂದರೆ ಅವಮಾನ. ಹೂಂ ಅಂದರೆ ಅವರ ಅಕ್ಕಿ ಡಬ್ಬಿ ಖಾಲಿ. ಜವಾಬ್ದಾರಿ ಇರುವ ತಂಡಗಳು ಅಕ್ಕಿ, ಮೀನು ತಾವೇ ತಂದು ಅಡುಗೆ ಮಾಡುವವರ ಕೈಗೆ ಕೊಡುತ್ತವೆ. ಬಡಿಸುವ ಮರ್ಯಾದೆ ಮನೆಯವರದೇ ಆಗಿ ಉಳಿಯುತ್ತದೆ.

ನಿಜವಾದ ಕೆಲಸ ಮೇಲೆ ನಡೆಯುತ್ತಿರುತ್ತದೆ. ಏಣಿ ಮೇಲೆ ಇರುವವನು ಪಾಂದಾಯ್, ಊರಿನ ಬಡಗಿ. ಮರ ತೆಂಗಿನದು. ಚಂಡಮಾರುತಕ್ಕೆ ದೇಶದಲ್ಲಿ ಸುಮಾರು 3.3 ಕೋಟಿ ತೆಂಗಿನ ಮರಗಳಿಗೆ ಹಾನಿಯಾಯಿತು, ಉರುಳಿದ್ದನ್ನು ಕೊಯ್ದು ಹಲಗೆ ಮಾಡಿದರು. ಬೇಗ ಕೊಯ್ಯಬೇಕು. ಕೊಳೆತ ಬೊಡ್ಡೆಯೊಳಗೆ ಕುರುವಾಯಿ ದುಂಬಿ ಮೊಟ್ಟೆ ಇಟ್ಟು, ನಿಂತಿರುವ ಮರಗಳನ್ನೂ ಹಾಳು ಮಾಡುತ್ತದೆ. ತೆಂಗಿನ ಮರದ ಹೊರಭಾಗ ಕಬ್ಬಿಣದ ಹಾಗೆ, ತಿರುಳು ಮೆತ್ತಗೆ. ಎರಡೂ ಹಲಗೆ ನೋಡೋಕೆ ಒಂದೇ ಥರ. ಪಾಂದಾಯ್ ಕೈಯಲ್ಲಿ ಎತ್ತಿ ನೋಡಿದರೆ ಸಾಕು, ಭಾರದಲ್ಲೇ ಗೊತ್ತಾಗುತ್ತದೆ. ಹಗುರ ಇದ್ದದ್ದು ಗೋಡೆಯ ಒಳಗಟ್ಟಿಗೆ, ಭಾರ ಇದ್ದದ್ದು ಕಂಬಕ್ಕೆ, ಪಕಾಸಿಗೆ. ಹೊರಗಿನ ಹುಡುಗ ಸಾಲಾಗಿ ಜೋಡಿಸಿಟ್ಟ ರಾಶಿಯಿಂದ ಮೇಲಿದ್ದದ್ದನ್ನು ಎತ್ತಿಕೊಟ್ಟರೆ ಪಾಂದಾಯ್ ಬೈಯುವುದಿಲ್ಲ. ಸುಮ್ನೆ ಅದನ್ನು ಪಕ್ಕಕ್ಕಿಟ್ಟು, ತಾನೇ ಇಳಿದು ಬಂದು ಇನ್ನೊಂದು ಆರಿಸಿಕೊಂಡು ಹೋಗುತ್ತಾನೆ. ಹಾಗೆ ಇಳಿದು ಹತ್ತಿದ್ದರಲ್ಲಿ ಅವನ ಅರ್ಧ ಬೆಳಗು ಹೋಗಿರುತ್ತದೆ.

ಆಮೇಲೆ ತಗಡಿನ ಪಟ್ಟಿ. ಗಾಳಿ ಮಾಡನ್ನು ಒತ್ತಿ ಬೀಳಿಸುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಬಹಳ ಸಲ ಅದು ಮಾಡನ್ನು ಮೇಲಕ್ಕೆ ಎಳೆದು ಕೀಳುತ್ತದೆ, ಕೊಡೆ ತಿರುಗಾಮುರುಗ ಆಗುವ ಹಾಗೆ. ಆದ್ದರಿಂದ ರೀಪನ್ನು ಪಕಾಸಿಗೆ, ಪಕಾಸನ್ನು ತೊಲೆಗೆ, ತೊಲೆಯನ್ನು ಕಂಬಕ್ಕೆ, ಕಂಬವನ್ನು ಪಾಯಕ್ಕೆ ತಗಡಿನ ಪಟ್ಟಿಯಿಂದ ಬಿಗಿಯಬೇಕು. ಒಂದು ಕೊಂಡಿ ತಪ್ಪಿದರೂ ಉಳಿದದ್ದೆಲ್ಲ ದಂಡ. ಯೋಲಾಂದಾ ನಂತರ ವಸತಿ ಸಂಸ್ಥೆಗಳೆಲ್ಲ ಸೇರಿ ಊರೂರಿಗೆ ಹಂಚಿದ ಎಂಟು ಮಾತುಗಳಲ್ಲಿ ಇದು ಮುಖ್ಯವಾದದ್ದು. ಗಟ್ಟಿ ಪಾಯ, ಮೂಲೆಗೆ ಓರೆಕಟ್ಟು, ಸರಳ ಆಕಾರ, ಸುರಕ್ಷಿತ ಜಾಗ ಅಂತೆಲ್ಲ ಅದರಲ್ಲಿತ್ತು. ಪಟ್ಟಿಗೆ ಮೊಳೆ ಹೊಡೆಯೋದು ಯಾರಾದರೂ ಕಲಿಯಬಹುದಾದ ಕೆಲಸ. ಆದರೆ ಬಲಿತ ತೆಂಗಿನ ಮರಕ್ಕೆ ಮೊಳೆ ನೇರ ಇಳಿಯುವುದಿಲ್ಲ, ಬಾಗುತ್ತದೆ, ಇಲ್ಲಾಂದರೆ ಮರ ಸೀಳುತ್ತದೆ. ಮೊದಲು ಸಣ್ಣ ತೂತು ಕೊರೆಯಬೇಕು. ಬಾಗಿದ ಮೊಳೆಗಳನ್ನು ಸಂಜೆ ಕೂತು ಕಲ್ಲಿನ ಮೇಲೆ ತಟ್ಟಿ ನೆಟ್ಟಗೆ ಮಾಡೋದು ಊರಿನ ಮಕ್ಕಳ ಕೆಲಸ.

ಗೋಡೆಗೆ ಅಮಾಕಾನ್, ಅಂದರೆ ಬಿದಿರು ಸೀಳಿ ಹೆಣೆದ ತಟ್ಟಿ. ಮಾಡಿಗೆ ತಗಡು, ಅಲ್ಲಿನ ಮಾತಲ್ಲಿ 'ಸಿನ್'. ಎರಡೂ ಮುಗಿದರೆ ಮನೆ. ದೊಡ್ಡದೇನಲ್ಲ, ಒಂದು ಕೋಣೆಗಿಂತ ಸ್ವಲ್ಪ ಜಾಸ್ತಿ.

ನೆಲದ ಕಾಗದ

ಇಷ್ಟೆಲ್ಲ ಓದಿದ ಮೇಲೆ ಜನ ಇದ್ದರೆ ಮನೆ ಆಗುತ್ತದೆ ಅನ್ನಿಸಬಹುದು. ನನಗೂ ಮೊದಲು ಹಾಗೇ ಅನ್ನಿಸಿತ್ತು.

1981ರ ಡಿಸೆಂಬರ್ 29ರಂದು ಆಗಿನ ಅಧ್ಯಕ್ಷ ಮಾರ್ಕೋಸ್ 2151ನೇ ಸಂಖ್ಯೆಯ ಒಂದು ಘೋಷಣೆಗೆ ಸಹಿ ಹಾಕಿದರು. ದೇಶದ ಕೆಲವು ದ್ವೀಪಗಳನ್ನು ಮನುಷ್ಯರ ಕೈ ತಾಗದ ರಕ್ಷಿತ ವನ್ಯ ಪ್ರದೇಶ ಅಂತ ಸಾರುವ ಘೋಷಣೆ. ಪಟ್ಟಿಯಲ್ಲಿ ಬಂತಾಯಾನ್ ಕೂಡ ಇತ್ತು. ಆ ಹೊತ್ತಿಗೇ ಅಲ್ಲಿ ಚರ್ಚು, ಶಾಲೆ, ಸಂತೆ, ಕೋಳಿ ಫಾರಂ ಎಲ್ಲ ಇದ್ದವು. ಜನ ತಲೆಮಾರುಗಳಿಂದ ಇದ್ದರು. ಕಾಗದದ ಮೇಲೆ ಮಾತ್ರ ಅದು ಕಾಡು.

ಹಾಗಾಗಿ ಹೊಸದಾಗಿ ಹಕ್ಕುಪತ್ರ ಕೊಡುವಂತಿರಲಿಲ್ಲ. ಬಹಳ ಜನರ ಬಳಿ ಇದ್ದದ್ದು ಕಂದಾಯ ಘೋಷಣೆಯ ಚೀಟಿ. ತೆರಿಗೆ ಕಟ್ಟಿದ್ದೀರಿ ಅಂತ ಅದು ಹೇಳುತ್ತದೆ, ನೆಲ ನಿಮ್ಮದು ಅಂತ ಹೇಳುವುದಿಲ್ಲ. ಬಗರ್ ಹುಕುಂ ಅರ್ಜಿ ಹಾಕಿ ವರ್ಷಗಟ್ಟಲೆ ಕಾದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇನ್ನು ಎಷ್ಟೋ ಮೀನುಗಾರರ ಬಳಿ ಅದೂ ಇಲ್ಲ. ಬೇರೆಯವರ ಜಾಗದಲ್ಲಿ ಬಾಯಿಮಾತಿನ ಒಪ್ಪಿಗೆ ಮೇಲೆ ಗುಡಿಸಲು ಹಾಕಿಕೊಂಡವರು.

ಚಂಡಮಾರುತದ ಹಿಂದೆಯೇ ಇನ್ನೊಂದು ನಿಯಮ ಬಂತು. ಕಡಲ ದಡದಿಂದ 40 ಮೀಟರ್ ಒಳಗೆ ಮನೆ ಕಟ್ಟಬಾರದು. ಕೇಳೋಕೆ ನ್ಯಾಯವೇ. ಆದರೆ ಮೀನುಗಾರನ ದೋಣಿ, ಬಲೆ, ಇಂಜಿನ್ ಎಲ್ಲ ಆ 40 ಮೀಟರಿನಲ್ಲೇ ಇರುತ್ತದೆ. ರಾತ್ರಿ ದೋಣಿ ಕಾಯೋಕೆ ಕಿವಿ ಆ ಕಡೆ ಇರಬೇಕು. ಮೇಲಾಗಿ ಅದೇ ದಡದಲ್ಲಿ ರೆಸಾರ್ಟುಗಳು ಮತ್ತೆ ಎದ್ದು ನಿಂತವು. ಬಡವರಿಗೊಂದು ಟೇಪು, ರೆಸಾರ್ಟಿಗೊಂದು ಟೇಪಾ ಅಂತ ದೇಶದ ತುಂಬ ಗಲಾಟೆ ಎದ್ದಿತು. 2014ರಲ್ಲಿ ಸರ್ಕಾರ ಒಂದೇ ಅಳತೆ ಬಿಟ್ಟು, ಅಪಾಯ ನೋಡಿ ಜಾಗ ವಿಂಗಡಿಸುವುದಕ್ಕೆ ಬಂತು.

ಈಗ ಸಂಸ್ಥೆಯವರ ಜಾಗದಲ್ಲಿ ನಿಂತು ನೋಡಿ. ದಾನಿಗಳ ಹಣ ಇದೆ. ತಗಡು ಬಂದಿದೆ. ಮೂವತ್ತು ಹುಡುಗರು ಎರಡು ವಾರಕ್ಕೆ ಬಂದು ಇಳಿದಿದ್ದಾರೆ. ಆದರೆ ಬೇರೆಯವರ ನೆಲದಲ್ಲಿ ಪಕ್ಕಾ ಮನೆ ಕಟ್ಟಿಕೊಟ್ಟರೆ ನಾಳೆ ಆ ಮನೆ ಯಾರದು? ಮಾಲೀಕ ಎಬ್ಬಿಸಿದರೆ? ಹಾಗಾಗಿ ಮೊದಲು ಮಾಲೀಕನ ಹತ್ತಿರ ಇಷ್ಟು ವರ್ಷ ಇವರನ್ನು ಎಬ್ಬಿಸುವುದಿಲ್ಲ ಅಂತ ಬರೆಸಿಕೊಳ್ಳಬೇಕು. ಬರಂಗಾಯ್ ಕಪಿತಾನ್, ಅಂದರೆ ಊರಿನ ಮುಖ್ಯಸ್ಥ, ಸಾಕ್ಷಿ ಹಾಕಬೇಕು. ಮಾಲೀಕರು ಸೆಬುವಿನಲ್ಲೋ ಮನಿಲಾದಲ್ಲೋ ಇರಬಹುದು. ಅಣ್ಣತಮ್ಮಂದಿರ ನಡುವೆ ಪಾಲಾಗದ ಜಮೀನೂ ಇರಬಹುದು. ಇದಕ್ಕೆ ತಿಂಗಳುಗಳು ಬೇಕು. ಎರಡು ವಾರದ ಹುಡುಗರು ಅದರಲ್ಲಿ ಏನೂ ಮಾಡುವಂತಿಲ್ಲ.

ಆಗ ಏನಾಗುತ್ತದೆ ಅಂದರೆ, ತಂಡವನ್ನು ಜಾಗದ ತಕರಾರು ಇಲ್ಲದ ಕಡೆಗೆ ಕಳಿಸುತ್ತಾರೆ. ಶಾಲೆಯ ಮಾಡು, ಅಂಗನವಾಡಿ ಥರದ ಶಿಶುಕೇಂದ್ರ, ಬಣ್ಣ ಬಳಿಯುವುದು. ಇಲ್ಲಾಂದರೆ ಕಾಗದ ಇರುವವರ ಮನೆ ಮೊದಲು. ಕಾಗದ ಇರುವವರು ಸ್ವಲ್ಪ ಅನುಕೂಲಸ್ಥರು. ತೀರ ಇಲ್ಲದವರು ಪಟ್ಟಿಯ ಕೊನೆಗೆ ಜಾರುತ್ತಾರೆ. ಯಾರೂ ಕೆಟ್ಟದ್ದು ಬಯಸಿರುವುದಿಲ್ಲ. ಪಟ್ಟಿಯೇ ಹಾಗೆ ವಾಲುತ್ತದೆ.

ನನ್ನ ಮಟ್ಟಿಗೆ ಈ ಪ್ರಕರಣದ ಗಂಟು ಇಲ್ಲಿದೆ. ಎರಡು ಸಾವಿರ ಹಾರೆ ಏಟಿಗಿಂತ ಮಾಲೀಕನ ಒಂದು ಸಹಿ ಜಾಸ್ತಿ ಮನೆ ಕಟ್ಟುತ್ತದೆ. ಆದರೆ ಸಹಿ ಹಾಕಿಸೋಕೆ ಊರೂರು ಅಲೆದವರ ಫೋಟೋ ಯಾರೂ ತೆಗೆಯುವುದಿಲ್ಲ. ಕಾನೂನು ಓದುವ ವಿದ್ಯಾರ್ಥಿಗಳು, ಸರ್ವೆ ಕಲಿತವರು, ಸೆಬುವಾನೋ ಮಾತಾಡುವ ಕಾಲೇಜು ಹುಡುಗಿಯರು ಒಂದು ಟೇಬಲ್ ಹಾಕಿ ಆರು ತಿಂಗಳು ಕೂತಿದ್ದರೆ ಅದಕ್ಕೆ ಸಮನಾದ ಸಲಿಕೆ ಕೆಲಸ ಇರಲಿಲ್ಲ.

ಟಿಕೆಟ್ ಲೆಕ್ಕ

ದೂರದಿಂದ ಬರುವ ಒಬ್ಬರ ವಿಮಾನ ಟಿಕೆಟ್ ಸಾವಿರ ಡಾಲರ್ ಅಂತಿಟ್ಟುಕೊಳ್ಳಿ. 2014ರ ದರದಲ್ಲಿ ಅದು ಸುಮಾರು 44,000 ಪೆಸೊ. ಮನೆ ಪೂರ್ತಿ ಬಿದ್ದವರಿಗೆ ಸರ್ಕಾರ ಕೊಟ್ಟ ನೆರವು 30,000 ಪೆಸೊ, ಅರ್ಧ ಬಿದ್ದಿದ್ದರೆ 10,000. ಆ ವರ್ಷ ಸೆಬು ನಗರದಲ್ಲೇ ಕನಿಷ್ಠ ದಿನಗೂಲಿ 350 ಪೆಸೊ ದಾಟಿರಲಿಲ್ಲ. ಒಂದು ಟಿಕೆಟಿನ ದುಡ್ಡಿಗೆ ದಿನಗೂಲಿಯವನೊಬ್ಬ ನಾಲ್ಕು ತಿಂಗಳು ಸೈಟಿನಲ್ಲಿ ಇರಬಹುದಿತ್ತು. ದೋಣಿ ಒಡೆದು, ಕೋಳಿ ಶೆಡ್ಡು ಹಾರಿಹೋಗಿ ಅದೇ ದ್ವೀಪದ ಗಂಡಸರು ಕೆಲಸ ಇಲ್ಲದೆ ಕೂತಿದ್ದ ಕಾಲ ಅದು.

ಹಾಗಂತ ಬರಲೇಬಾರದು ಅನ್ನೋದು ನನ್ನ ಮಾತಲ್ಲ. ಟಿಕೆಟ್ ದುಡ್ಡನ್ನು ಕಳಿಸಿಬಿಡಿ ಅಂದರೆ ಬಹಳ ಜನ ಕಳಿಸುವುದಿಲ್ಲ, ಅದೂ ನಿಜ. ಬಂದು ಹೋದವನು ಹತ್ತು ವರ್ಷ ದಾನ ಕೊಡುತ್ತಿರಬಹುದು. ಲೆಕ್ಕ ಸರಿಯಾಗುವುದು ಒಂದೇ ರೀತಿಯಲ್ಲಿ: ಪಾಂದಾಯ್‌ಗೆ ಕೂಲಿ ಸಿಗಬೇಕು, ಸ್ವಯಂಸೇವಕ ಅವನ ಕೈಕೆಳಗೆ ಇರಬೇಕು. ಹೊರುವುದು, ಕಲಸುವುದು, ತೋಡುವುದು, ಎತ್ತಿಕೊಡುವುದು ಇವನದು. ತೂಗುಗುಂಡು, ರಸಮಟ್ಟ, ಪಟ್ಟಿಯ ಜಾಗ ಅವನದು. ಇದು ಉಲ್ಟಾ ಆದ ಕಡೆ ರಾತ್ರಿ ಹೊತ್ತು ಊರಿನವರು ಮೊಳೆ ಕಿತ್ತು ಮತ್ತೆ ಹೊಡೆಯಬೇಕಾಗುತ್ತದೆ.

ಇನ್ನು 'ನಾಳೆ ನೀನು' ಅನ್ನೋ ಮಾತು. ಫಿಲಿಪಿನೋಗಳಲ್ಲಿ 'ಉತಾಂಗ್ ನಾ ಲೋಓಬ್' ಅನ್ನುತ್ತಾರೆ, ಮನಸ್ಸಿನ ಋಣ ಅಂತ. ಅದನ್ನು ತೀರಿಸದೆ ಇರೋಕೆ ಸಂಕೋಚ. ನೆರೆಯವನಾದರೆ ಅವನ ಮನೆಗೆ ಹೋಗಿ ಹಾರೆ ಹಿಡಿಯಬಹುದು. ವಿಮಾನ ಹತ್ತಿ ಹೋದವನಿಗೆ ಹೇಗೆ ತೀರಿಸೋದು? ಬೆವರಿನ ಪಾಲಿನ ಷರತ್ತು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಹೊರಗಿನವರಿಗೆ ಅದು ಕರಾರಿನ ಹಾಗೆ ಕಾಣಬಹುದು. ಊರಿನವರಿಗೆ ಅದು ಹಗುರಾಗುವ ದಾರಿ: ಬಂದವನ ಋಣವನ್ನು ಪಕ್ಕದ ಮನೆಯ ಪಾಯಕ್ಕೆ ತೀರಿಸುವುದು.

2025ರ ರಾತ್ರಿ

2025ರ ಸೆಪ್ಟೆಂಬರ್ 30ರ ರಾತ್ರಿ ಹತ್ತಕ್ಕೆ ಇನ್ನೇನು ಒಂದು ನಿಮಿಷ ಇದೆ ಅನ್ನುವಾಗ ಉತ್ತರ ಸೆಬು ನಡುಗಿತು. 6.9 ತೀವ್ರತೆ. ಪೆಟ್ಟು ಹೆಚ್ಚು ಬಿದ್ದದ್ದು ಬೋಗೊ, ಹಗ್ನಾಯಾ ಇರುವ ಸಾನ್ ರೆಮಿಹಿಯೋ, ಮೆದೆಯಿನ್ ಕಡೆ. ಎಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಬೋಗೊದಲ್ಲಿ ಸತ್ತವರಲ್ಲಿ ಯೋಲಾಂದಾ ಸಂತ್ರಸ್ತರಿಗಾಗಿ ಕಟ್ಟಿದ ಬಡಾವಣೆಯವರೂ ಇದ್ದರು. ಗಾಳಿಯಿಂದ ಉಳಿಸೋಕೆ ಅಂತ ಎಬ್ಬಿಸಿದ ಸಿಮೆಂಟ್ ಬ್ಲಾಕಿನ ಗೋಡೆ ಮಲಗಿದ್ದವರ ಮೇಲೆ ಬಂತು.

ಗಾಳಿಗೆ ಭಾರದ ಮನೆ ಬೇಕು, ಭೂಕಂಪಕ್ಕೆ ಹಗುರದ ಮನೆ ಬೇಕು. ಈ ಸೀಮೆಗೆ ಎರಡೂ ಬರುತ್ತವೆ. ಯೋಲಾಂದಾಗೆ ಮೂರು ವಾರ ಮುಂಚೆ, 2013ರ ಅಕ್ಟೋಬರ್ 15ರಂದು, ಪಕ್ಕದ ಬೊಹೋಲ್‌ನಲ್ಲಿ 7.2ರ ಭೂಕಂಪ ಆಗಿತ್ತು. ಆದರೂ ಮನೆ ಕಟ್ಟುವಾಗ ಎಲ್ಲರ ತಲೆಯಲ್ಲಿ ಇದ್ದದ್ದು ಗಾಳಿ ಮಾತ್ರ. ತಟ್ಟಿ ಗೋಡೆಯ, ಪಟ್ಟಿ ಬಿಗಿದ ತೆಂಗಿನ ಮರದ ಮನೆ ಎರಡಕ್ಕೂ ತಕ್ಕಮಟ್ಟಿಗೆ ಒಗ್ಗುತ್ತದೆ. ಬಾಳಿಕೆ ಕಮ್ಮಿ, ಗೆದ್ದಲು ಹಿಡಿಯುತ್ತದೆ, ನೋಡೋಕೆ ಬಡತನ. 'ಸಿಮೆಂಟ್ ಮನೆ ಕೊಡಿ' ಅಂತ ಕೇಳುವವರನ್ನು ತಪ್ಪು ಅನ್ನೋಕೂ ಆಗಲ್ಲ. ಸಿಮೆಂಟ್ ಮನೆ ಕೇಳಿದವರಿಗೆ ಒಳಗೆ ಕಂಬಿ ಎಷ್ಟು ಹಾಕಿದ್ದೀರಿ ಅಂತ ಕೇಳೋದನ್ನು ಕಲಿಸಿದವರು ಕಮ್ಮಿ.

ಯುವಕರ ಮಂಡಳಿ ಈಗ ಮತ್ತೆ ಇದೆ. ಹೊಸ ಕಾನೂನಿನ ಪ್ರಕಾರ 18ರಿಂದ 24 ವಯಸ್ಸಿನವರು ನಿಲ್ಲಬಹುದು, ಬರಂಗಾಯ್ ಹಣದಲ್ಲಿ ನೂರಕ್ಕೆ ಹತ್ತು ಪಾಲು ಅವರ ಕೈಗೆ ಬರುತ್ತದೆ. ವಿಪತ್ತಿಗೆ ಸಿದ್ಧವಾಗುವುದಕ್ಕೂ ಆ ದುಡ್ಡು ಖರ್ಚು ಮಾಡಬಹುದು. 2023ರ ಅಕ್ಟೋಬರ್ 30ರಂದು ಚುನಾವಣೆ ನಡೆಯಿತು. ಯೋಲಾಂದಾ ಬಂದಾಗ ಎಂಟು ವರ್ಷ ತುಂಬಿದ್ದ ಮಗುವಿಗೆ ಆವತ್ತಿಗೆ ಹದಿನೆಂಟು ಆಗಿತ್ತು. ಕಲ್ಲಿನ ಮೇಲೆ ಮೊಳೆ ನೆಟ್ಟಗೆ ಮಾಡುತ್ತಾ ಕೂತಿದ್ದವರ ವಯಸ್ಸು ಅದೇ.